ಮಧ್ಯಾಹ್ನ ಸುಮ್ಮನಿದ್ದ ಸಾರು ರಾತ್ರಿ ಯಾಕೆ ಉರಿಯುತ್ತದೆ?

ನಮ್ಮ ಮನೆಗಳಲ್ಲಿ ಯಾರಿಗಾದರೂ ಎದೆಉರಿ ಬಂತು ಅಂದರೆ ಮೊದಲು ವಿಚಾರಣೆಗೆ ನಿಲ್ಲುವುದು ಅಡುಗೆ. "ಸಾರಿಗೆ ಖಾರ ಜಾಸ್ತಿ ಬಿತ್ತೇನೋ." "ಆಲೂಗಡ್ಡೆ ತಿಂದ್ನಲ್ಲ, ಅದರದ್ದೇ ಕೆಲಸ." "ತೊಗರಿಬೇಳೆ ನಂಗಾಗಲ್ಲ, ವಾಯು." ಹೀಗೆ ಹೇಳುತ್ತಾ ಹೇಳುತ್ತಾ ಒಂದೊಂದೇ ಪದಾರ್ಥ ತಟ್ಟೆಯಿಂದ ಹೊರಗೆ ಹೋಗುತ್ತದೆ. ಐವತ್ತು ದಾಟಿದ ಹೆಚ್ಚಿನವರ ಹತ್ತಿರ ಇಂಥ ಒಂದು ಪಟ್ಟಿ ಇರುತ್ತದೆ. ಅದು ವರ್ಷದಿಂದ ವರ್ಷಕ್ಕೆ ಉದ್ದ ಆಗುತ್ತದೆ. ಉರಿ ಮಾತ್ರ ಹೋಗುವುದಿಲ್ಲ.

ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವುದು ಒಂದು ಸಣ್ಣ ಸಂಗತಿ. ಮಧ್ಯಾಹ್ನ ಒಂದು ಗಂಟೆಗೆ ಅದೇ ಸಾರು, ಅದೇ ಪಲ್ಯ ಉಂಡವರು ಸಂಜೆಯವರೆಗೆ ಆರಾಮಾಗಿ ಓಡಾಡಿಕೊಂಡಿರುತ್ತಾರೆ. ಅದನ್ನೇ ರಾತ್ರಿ ಬಿಸಿ ಮಾಡಿ ಉಂಡರೆ ಹನ್ನೆರಡು ಗಂಟೆಗೆ ಎದ್ದು ಕೂರುತ್ತಾರೆ. ಸಾರು ಬೆಳಗ್ಗೆ ಮಾಡಿದ್ದೇ. ಹಾಕಿದ ಖಾರದ ಪುಡಿಯೂ ಅಷ್ಟೇ. ಉಂಡವರೂ ಅವರೇ. ಹಾಗಿದ್ದರೆ ಮಧ್ಯಾಹ್ನ ಸುಮ್ಮನಿದ್ದ ಸಾರು ರಾತ್ರಿ ಯಾಕೆ ಉರಿಯುತ್ತದೆ? ಈ ಪ್ರಶ್ನೆಯನ್ನು ಸುಮ್ನೆ ಬಿಡದೆ ಹಿಂದೆ ಬಿದ್ದರೆ, ಅಸಿಡಿಟಿ ಬಗ್ಗೆ ನಾವು ಅಂದುಕೊಂಡಿರುವ ಎಷ್ಟೋ ವಿಷಯ ತಲೆಕೆಳಗಾಗುತ್ತದೆ. ಒಗ್ಗರಣೆ ಡಬ್ಬಿಯಲ್ಲಿ ಹುಡುಕುತ್ತಿದ್ದ ಕಾರಣ ಎಷ್ಟೋ ಸಲ ಗೋಡೆ ಗಡಿಯಾರದಲ್ಲಿ ಸಿಗುತ್ತದೆ.

ಆಸಿಡ್ ಇರಬೇಕಾದ ಜಾಗ

ಹೊಟ್ಟೆಯಲ್ಲಿ ಆಸಿಡ್ ಇರಲೇಬೇಕು. ದಿನಕ್ಕೆ ಸುಮಾರು ಒಂದೂವರೆಯಿಂದ ಎರಡು ಲೀಟರ್ ಜಠರರಸ ಅಲ್ಲಿ ತಯಾರಾಗುತ್ತದೆ. ಅದರಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇದೆ. ಊಟ ಅರಗುವುದಕ್ಕೂ ಅದು ಬೇಕು, ಊಟದ ಜೊತೆ ಒಳಗೆ ಹೋದ ರೋಗಾಣುಗಳನ್ನು ಕೊಲ್ಲುವುದಕ್ಕೂ ಬೇಕು. ಜಠರದ ಒಳಗೋಡೆಗೆ ಲೋಳೆಯ ಪದರ ಇರುವುದರಿಂದ ಅಲ್ಲಿ ಅದು ಸುಡುವುದಿಲ್ಲ. ಅನ್ನನಾಳಕ್ಕೆ ಆ ರಕ್ಷಣೆ ಇಲ್ಲ. ಸುಮಾರು 25 ಸೆಂಟಿಮೀಟರ್ ಉದ್ದದ ಆ ಕೊಳವೆ ಜಠರವನ್ನು ಸೇರುವ ಕಡೆ ಒಂದು ಸ್ನಾಯುವಿನ ಉಂಗುರ ಇದೆ. ಎಲೆಅಡಿಕೆ ಸಂಚಿಯ ಬಾಯಿಗೆ ದಾರ ಎಳೆದ ಹಾಗೆ ಅದು ಬಿಗಿಯಾಗಿರುತ್ತದೆ. ತುತ್ತು ಬಂದಾಗ ಸಡಿಲವಾಗಿ ಒಳಗೆ ಬಿಟ್ಟುಕೊಂಡು ಮತ್ತೆ ಬಿಗಿಯಾಗುತ್ತದೆ. ಎದೆಉರಿ ಇರುವ ಬಹುಪಾಲು ಜನರ ಹೊಟ್ಟೆಯಲ್ಲಿ ಬೇರೆಯವರಿಗಿಂತ ಹೆಚ್ಚು ಆಸಿಡ್ ಏನೂ ತಯಾರಾಗುವುದಿಲ್ಲ. ಇದ್ದ ಆಸಿಡ್ಡೇ ಆ ಉಂಗುರ ದಾಟಿ ಮೇಲೆ ಬಂದಿರುತ್ತದೆ.

ಉಂಗುರ ಸಡಿಲ ಆಗುವುದು ಯಾವಾಗ? ಹೊಟ್ಟೆ ಬಿರಿಯುವ ಹಾಗೆ ಉಂಡಾಗ ಜಠರ ಹಿಗ್ಗುತ್ತದೆ. ಆಗ ತುತ್ತು ನುಂಗದೇ ಇದ್ದರೂ ಉಂಗುರ ಆಗಾಗ ತೆರೆದುಕೊಳ್ಳುತ್ತದೆ. ತೇಗು ಬರುವುದೂ ಹೀಗೆಯೇ. ಕರಿದದ್ದು, ಎಣ್ಣೆ, ತುಪ್ಪ ಜಾಸ್ತಿ ಇದ್ದರೆ ಊಟ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಹಗಲಲ್ಲಿ ಕೂತಿರುತ್ತೇವೆ, ನಿಂತಿರುತ್ತೇವೆ. ಸ್ವಲ್ಪ ಆಸಿಡ್ ಮೇಲೆ ಬಂದರೂ ತಾನಾಗಿ ಕೆಳಗೆ ಇಳಿಯುತ್ತದೆ. ನಮಗೇ ಗೊತ್ತಿಲ್ಲದ ಹಾಗೆ ಎಂಜಲು ನುಂಗುತ್ತಾ ಇರುತ್ತೇವೆ, ಅದು ಅನ್ನನಾಳವನ್ನು ತೊಳೆಯುತ್ತದೆ. ಮಲಗಿದ ಮೇಲೆ ಇಳಿಜಾರು ಇಲ್ಲ. ನಿದ್ದೆಯಲ್ಲಿ ಎಂಜಲು ಊರುವುದು ಬಹಳ ಕಡಿಮೆ, ನುಂಗುವುದೂ ಅಪರೂಪ. ಮೇಲೆ ಬಂದ ಆಸಿಡ್ ಅಲ್ಲೇ ಕೂರುತ್ತದೆ. ಒಂದು ಪೂರ್ತಿ ಊಟ ಜಠರದಿಂದ ಖಾಲಿಯಾಗುವುದಕ್ಕೆ ಹತ್ತಿರ ಹತ್ತಿರ ನಾಲ್ಕು ಗಂಟೆ ಬೇಕು. ಹತ್ತಕ್ಕೆ ಉಂಡು ಹತ್ತೂವರೆಗೆ ಮಲಗಿದವರು ಹೆಚ್ಚುಕಡಿಮೆ ಇಡೀ ಊಟವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಮಲಗಿದ್ದಾರೆ. ಊಟಕ್ಕೂ ನಿದ್ದೆಗೂ ಎರಡು ಮೂರು ಗಂಟೆ ಬಿಡಿ ಅಂತ ಡಾಕ್ಟರುಗಳು ಹೇಳುವುದು ಇದಕ್ಕೇ.

ಇಷ್ಟು ಸರಳ ವಿಷಯ. ಆದರೂ ಮನೆಗಳಲ್ಲಿ ಇದನ್ನು ಪಾಲಿಸುವುದು ಯಾಕೆ ಇಷ್ಟು ಕಷ್ಟ ಅಂತ ಯೋಚಿಸಿದಾಗಲೆಲ್ಲ ನನಗೆ ದೊಡ್ಡಮ್ಮ ನೆನಪಾಗುತ್ತಾರೆ.

ಕೊನೆಗೆ ಉಣ್ಣುವವರು

ದೊಡ್ಡಮ್ಮನ ಮನೆ ಸಾಗರದ ಕಡೆ. ಅಡಿಕೆ ತೋಟದ ಮನೆ. ಚಿಕ್ಕವರಿದ್ದಾಗ ರಜೆಗೆ ಹೋದರೆ ಕೆಲವು ಸಲ ಸುಗ್ಗಿಯ ಕಾಲವೇ ಆಗಿರುತ್ತಿತ್ತು. ಗೊನೆ ಕೊಯ್ದು ತಂದ ಹಸಿ ಅಡಿಕೆಯನ್ನು ಹೆಚ್ಚು ದಿನ ಇಡುವ ಹಾಗಿಲ್ಲ, ಸುಲಿಯಲೇಬೇಕು. ಸಂಜೆಯಿಂದಲೇ ಚಪ್ಪರದ ಕೆಳಗೆ ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂರುತ್ತಿದ್ದರು. ಮನೆಯವರು, ಕೆಲಸಕ್ಕೆ ಬಂದವರು, ಅಕ್ಕಪಕ್ಕದ ಮನೆಯ ಹೆಂಗಸರು, ಎಲ್ಲರೂ. ಮಧ್ಯೆ ಒಂದು ಸುತ್ತು ಕಾಫಿ. ಒಂಬತ್ತು ಗಂಟೆಗೆ ಗಂಡಸರ ಪಂಕ್ತಿ, ಆಮೇಲೆ ಮಕ್ಕಳು, ಆಮೇಲೆ ಉಳಿದವರು. ದೊಡ್ಡಮ್ಮ ಎಲ್ಲರಿಗೂ ಬಡಿಸಿ, ಕೊನೆಯಲ್ಲಿ ಒಬ್ಬರೇ ಒಲೆಯ ಪಕ್ಕ ಕೂತು ಉಣ್ಣುತ್ತಿದ್ದರು. ಹತ್ತೂವರೆ ಆಗಿರುತ್ತಿತ್ತು. ಪಾತ್ರೆಯ ತಳದಲ್ಲಿ ಉಳಿದ ಹುಳಿ, ಅದರಲ್ಲಿ ನೀರಿಗಿಂತ ಮಸಾಲೆಯೇ ಜಾಸ್ತಿ. "ಇಷ್ಟು ಅನ್ನ ಯಾಕೆ ಉಳಿಸೋದು" ಅಂತ ಹಸಿವಿಗಿಂತ ಒಂದು ಹಿಡಿ ಜಾಸ್ತಿಯೇ ಹಾಕಿಕೊಳ್ಳುತ್ತಿದ್ದರು. ಉಂಡ ತಕ್ಷಣ ಸೊಂಟ ಬಗ್ಗಿಸಿ ನೆಲ ಒರೆಸುತ್ತಿದ್ದರು. ಅದು ಮುಗಿದರೆ ಚಾಪೆ.

ನಾವು ಮಕ್ಕಳು ಅವರ ಪಕ್ಕದಲ್ಲೇ ಮಲಗುತ್ತಿದ್ದೆವು. ನಡುರಾತ್ರಿ ಎಚ್ಚರ ಆದರೆ ದೊಡ್ಡಮ್ಮ ಗೋಡೆಗೆ ಒರಗಿ ಕೂತಿರುತ್ತಿದ್ದರು. ಕೈಯಲ್ಲಿ ಸಣ್ಣ ಡಬ್ಬಿ, ಅದರಲ್ಲಿ ಜೀರಿಗೆ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನಿಧಾನ ಅಗಿಯುತ್ತಿದ್ದರು. "ಯಾಕೆ ದೊಡ್ಡಮ್ಮ?" ಅಂದರೆ, "ಏನಿಲ್ಲ ಮಗಾ, ಹುಳಿನೀರು ಬಾಯಿಗೆ ಬರ್ತಿದೆ. ನೀ ಮಲಗು" ಅನ್ನುತ್ತಿದ್ದರು. ಬೆಳಗ್ಗೆ ಐದಕ್ಕೆ ಮತ್ತೆ ಒಲೆ ಮುಂದೆ.

ಅವರು ಬಿಟ್ಟಷ್ಟು ಪದಾರ್ಥಗಳನ್ನು ನಾನು ಬೇರೆ ಯಾರೂ ಬಿಟ್ಟಿದ್ದು ನೋಡಿಲ್ಲ. ಮೊದಲು ಬದನೆಕಾಯಿ ಬಿಟ್ಟರು. ಆಮೇಲೆ ಹಲಸಿನಕಾಯಿ ಪಲ್ಯ. ಆಮೇಲೆ ಉದ್ದಿನ ದೋಸೆ. ಕೊನೆಗೆ ಅಪ್ಪೆಮಿಡಿ ಉಪ್ಪಿನಕಾಯಿಯನ್ನೂ ಬಿಟ್ಟರು. ವರ್ಷ ವರ್ಷ ಭರಣಿ ತುಂಬ ಮಿಡಿ ಹಾಕಿ ಬಂದವರಿಗೆಲ್ಲ ಕಟ್ಟಿಕೊಡುತ್ತಿದ್ದ ಅವರು, ತಾವು ಮಾತ್ರ ಮಜ್ಜಿಗೆ ಅನ್ನವನ್ನು ಬರೀ ಉಪ್ಪು ಹಾಕಿಕೊಂಡು ಉಣ್ಣುತ್ತಿದ್ದರು. ಆದರೂ ರಾತ್ರಿ ಎದ್ದು ಕೂರುವುದು ತಪ್ಪಲಿಲ್ಲ. ಪದಾರ್ಥಗಳ ಮೇಲೆ ಎಲ್ಲರೂ ಅನುಮಾನ ಪಟ್ಟರು. ಹತ್ತೂವರೆಯ ಮೇಲೆ ಯಾರೂ ಪಡಲಿಲ್ಲ.

ಅಣ್ಣ, ಅಂದರೆ ಅವರ ಮಗ, ಒಂದು ದಿನ ಹಠ ಮಾಡಿ ಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಏನು ತಿಂತೀರಿ ಅಂತ ಅವರು ಕೇಳಲೇ ಇಲ್ಲವಂತೆ. "ಊಟ ಎಷ್ಟೊತ್ತಿಗೆ? ಮಲಗೋದು ಎಷ್ಟೊತ್ತಿಗೆ?" ಅಂತ ಮೊದಲು ಕೇಳಿದರಂತೆ. ಅಷ್ಟು ವರ್ಷದಲ್ಲಿ ಆ ಎರಡು ಪ್ರಶ್ನೆಯನ್ನು ದೊಡ್ಡಮ್ಮನಿಗೆ ಯಾರೂ ಕೇಳಿರಲಿಲ್ಲ. ಕೆಲವು ವಾರಕ್ಕೆ ಮಾತ್ರೆ ಬರೆದುಕೊಟ್ಟರು. ಜೊತೆಗೆ ಮೊದಲ ಪಂಕ್ತಿಯಲ್ಲೇ ಉಣ್ಣಬೇಕು ಅಂತ ಹೇಳಿ ಕಳಿಸಿದರು. ಮಾತ್ರೆ ನುಂಗುವುದು ಸುಲಭವಾಯಿತು. ಮೊದಲು ಉಣ್ಣುವುದೇ ಕಷ್ಟವಾಯಿತು. "ಬಡಿಸೋರು ಮೊದ್ಲು ಕೂತ್ರೆ ಚಂದವಾ?" ಅಂತ ದೊಡ್ಡಮ್ಮ ಒಪ್ಪಲೇ ಇಲ್ಲ. ಅಣ್ಣ ತಾನೇ ಎಂಟು ಗಂಟೆಗೆ ತಟ್ಟೆ ಹಾಕಿ, ಅವರು ಕೂರುವ ತನಕ ತಾನೂ ಕೂರದೆ ನಿಲ್ಲುತ್ತಿದ್ದ. ಹಾಗೆ ನಿಧಾನವಾಗಿ ರೂಢಿಯಾಯಿತು. ಜೀರಿಗೆ ಡಬ್ಬಿ ಅಡುಗೆಮನೆಗೆ ವಾಪಸ್ ಹೋಯಿತು. ಮಧ್ಯಾಹ್ನದ ಊಟಕ್ಕೆ ಅಪ್ಪೆಮಿಡಿ ಮತ್ತೆ ಬಂತು.

ಇದನ್ನು ಇಷ್ಟು ವಿವರವಾಗಿ ಬರೆಯುವುದಕ್ಕೆ ಕಾರಣ ಇದೆ. ಅಸಿಡಿಟಿ ಬಗ್ಗೆ ಯಾವ ಲೇಖನ ಓದಿದರೂ "ಬೇಗ ಊಟ ಮಾಡಿ" ಅಂತ ಒಂದು ಸಾಲು ಇರುತ್ತದೆ. ಊಟದ ಹೊತ್ತು ಉಣ್ಣುವವರ ಕೈಯಲ್ಲೇ ಇದೆ ಅಂತ ಅಂದುಕೊಂಡು ಬರೆದ ಸಾಲು ಅದು. ಎಷ್ಟೋ ಜನರಿಗೆ ಅದು ಅವರ ಕೈಯಲ್ಲಿ ಇಲ್ಲ. ಎಲ್ಲರ ಊಟ ಮುಗಿಯುವುದನ್ನು ಕಾಯುವ ಅಮ್ಮಂದಿರಿಗೆ ಇಲ್ಲ. ಬಸ್ಸಿನ ಡ್ರೈವರ್, ಕಂಡಕ್ಟರ್‌ಗಳಿಗೆ ಇಲ್ಲ. ಮದುವೆ ಮನೆಯಲ್ಲಿ ನೂರಾರು ಜನಕ್ಕೆ ಬಡಿಸಿ ಕೊನೆಗೆ ತಣ್ಣಗಾದ ಅನ್ನ ಉಣ್ಣುವ ಅಡುಗೆ ಭಟ್ಟರಿಗೂ ಇಲ್ಲ. ಮನೆಯಲ್ಲಿ ಒಬ್ಬರಿಗೆ ರಾತ್ರಿ ಎದೆ ಉರಿಯುತ್ತಿದೆ ಅಂದರೆ, ಅವರು ಏನು ತಿಂದರು ಅಂತ ಕೇಳುವ ಮೊದಲು, ಅವರನ್ನು ಅಷ್ಟು ಹೊತ್ತು ಕಾಯಿಸಿದವರು ಯಾರು ಅಂತ ಉಳಿದವರು ಕೇಳಿಕೊಳ್ಳಬೇಕು.

ಸಂಕಷ್ಟಿಯ ದಿನವೂ ಹೀಗೇ. ಬೆಳಗ್ಗೆಯಿಂದ ಉಪವಾಸ. ಮಧ್ಯೆ ಮಧ್ಯೆ ಕಾಫಿ. ಚೌತಿಯ ಚಂದ್ರ ಕಾಣುವುದು ಒಂಬತ್ತರ ಆಸುಪಾಸು, ಮೋಡ ಇದ್ದರೆ ಇನ್ನೂ ತಡ. ಆಮೇಲೆ ಇಡೀ ದಿನದ ಹಸಿವಿಗೆ ಒಂದೇ ಸಲ ಊಟ, ಜೊತೆಗೆ ಕರಿದ ಕಡುಬು. ಮರುದಿನ ಕೆಲಸ ಇರುತ್ತದೆ, ಕೂಡಲೇ ಮಲಗುತ್ತಾರೆ. ವ್ರತ ಬಿಡಿ ಅಂತ ನಾನು ಹೇಳುತ್ತಿಲ್ಲ. ಹಣ್ಣು, ಮಜ್ಜಿಗೆ ಹಗಲಲ್ಲೇ ಆಗಲಿ. ಚಂದ್ರ ದರ್ಶನದ ನಂತರದ ಊಟ ಹಗುರವಾಗಿರಲಿ, ಕಡುಬು ಹಬೆಯಲ್ಲಿ ಬೇಯಿಸಿದ್ದಾಗಲಿ. ಸಕ್ಕರೆ ಕಾಯಿಲೆ ಇರುವವರು ಉಪವಾಸದ ವಿಷಯವನ್ನು ಡಾಕ್ಟರ ಹತ್ತಿರ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಖಾರದ ಮೇಲೆ ಬಿದ್ದ ಅಪವಾದ

ಹಾಗಂತ ತಿನ್ನುವುದಕ್ಕೂ ಉರಿಗೂ ಸಂಬಂಧವೇ ಇಲ್ಲ ಅಂತಲ್ಲ. ಖಾರ ಈಗಾಗಲೇ ಕೆರಳಿರುವ ಅನ್ನನಾಳಕ್ಕೆ ತಾಗಿದರೆ ಉರಿ ಹೆಚ್ಚಾಗಿಯೇ ಕಾಣುತ್ತದೆ. ಕಾಫಿ ಕೆಲವರಿಗೆ ಏನೂ ಮಾಡುವುದಿಲ್ಲ, ಕೆಲವರಿಗೆ ಖಾಲಿ ಹೊಟ್ಟೆಯಲ್ಲಿ ಅರ್ಧ ಲೋಟ ಕುಡಿದರೂ ಆಗುವುದಿಲ್ಲ. ಪುದೀನ ತಂಪು ಅಂತ ನಂಬಿಕೆ ಇದೆ. ಆದರೆ ಪುದೀನದ ಎಣ್ಣೆ ಆ ಉಂಗುರವನ್ನು ಸಡಿಲ ಮಾಡುತ್ತದೆ, ಹುಳಿತೇಗು ಇರುವವರು ಊಟದ ಮೇಲೆ ಪೆಪ್ಪರ್‌ಮಿಂಟ್ ಚೀಪುವುದು ಸರಿಯಲ್ಲ. ಚಾಕೊಲೇಟ್, ಮದ್ಯ, ಬೀಡಿ, ಸಿಗರೇಟ್ ಕೂಡ ಇದೇ ಸಾಲಿಗೆ ಸೇರುತ್ತವೆ. ನಮ್ಮ ಕಡೆ ಕವಳಕ್ಕೆ ಹಾಕಿಕೊಳ್ಳುವ ಹೊಗೆಸೊಪ್ಪನ್ನೂ ಮರೆಯುವ ಹಾಗಿಲ್ಲ. ತಣ್ಣನೆ ಹಾಲು ಕುಡಿದಾಗ ಹಿತವಾಗುತ್ತದೆ, ನಿಜ. ಆದರೆ ಹಾಲಿನಲ್ಲಿರುವ ಪ್ರೋಟೀನ್, ಕ್ಯಾಲ್ಸಿಯಂ ಸ್ವಲ್ಪ ಹೊತ್ತಿನ ಮೇಲೆ ಇನ್ನಷ್ಟು ಆಸಿಡ್ ತರಿಸುತ್ತವೆ. ಸೋಡಾ ಕುಡಿದರೆ ತೇಗು ಬಂದು ಹಗುರ ಅನ್ನಿಸುತ್ತದೆ. ಆ ತೇಗಿನ ಗಾಳಿ ಹೆಚ್ಚಾಗಿ ಸೋಡಾದ್ದೇ. ಅದೇ ಗಾಳಿ ಹೊಟ್ಟೆಯನ್ನು ಹಿಗ್ಗಿಸಿ ಉಂಗುರವನ್ನೂ ತೆರೆಸುತ್ತದೆ.

ಹೊಟ್ಟೆಯ ಮೇಲೆ ಹೊರಗಿನಿಂದ ಬೀಳುವ ಒತ್ತಡವನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸೊಂಟದ ಸುತ್ತ ಬೆಳೆದ ಬೊಜ್ಜು ಜಠರವನ್ನು ಕೆಳಗಿನಿಂದ ಒತ್ತುತ್ತದೆ. ತೂಕ ಇಳಿಸಿದರೆ ಎಷ್ಟೋ ಜನರಿಗೆ ಉರಿಯೂ ಇಳಿಯುತ್ತದೆ. ಬಿಗಿ ಬೆಲ್ಟು, ಉಸಿರು ಹಿಡಿದು ಕಟ್ಟಿದ ಲಂಗದ ಲಾಡಿ, ಉಂಡ ಕೂಡಲೇ ಬಗ್ಗಿ ಮಾಡುವ ಕೆಲಸ, ಎಲ್ಲದರ ಪರಿಣಾಮವೂ ಅದೇ. ಬಸುರಿಯರಲ್ಲಿ ಬೆಳೆಯುವ ಹೊಟ್ಟೆಯ ಒತ್ತಡದ ಜೊತೆಗೆ ಹಾರ್ಮೋನ್ ಕೂಡ ಉಂಗುರವನ್ನು ಸಡಿಲ ಮಾಡುತ್ತದೆ. ಅವರಿಗೆ ಉರಿ ಬರುವುದರಲ್ಲಿ ಆಶ್ಚರ್ಯ ಇಲ್ಲ. ಸ್ವಲ್ಪ ಸ್ವಲ್ಪ ಮೂರ್ನಾಲ್ಕು ಸಲ ಉಣ್ಣುವುದು ಅವರಿಗೆ ಅನುಕೂಲ.

ಖಾರದ ಮೇಲಿನ ಅಪವಾದ ನಮ್ಮ ದೇಶದ್ದು ಮಾತ್ರ ಅಲ್ಲ. ಹೊಟ್ಟೆಯ ಹುಣ್ಣಿಗೆ ಖಾರ, ಟೆನ್ಶನ್ ಮತ್ತು ಆಸಿಡ್ ಕಾರಣ ಅಂತ ಪ್ರಪಂಚದ ಡಾಕ್ಟರುಗಳೆಲ್ಲ ಬಹಳ ಕಾಲ ನಂಬಿದ್ದರು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅದಕ್ಕೆ ಒಂದು ಬ್ಯಾಕ್ಟೀರಿಯಾ ಕಾರಣ ಅಂದಾಗ ಯಾರೂ ಸುಲಭವಾಗಿ ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನದಲ್ಲಿ ಅವರ ಹೊಟ್ಟೆಯಲ್ಲಿ ಉರಿಯೂತ ಶುರುವಾಯಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹೆಲಿಕೊಬ್ಯಾಕ್ಟರ್ ಪೈಲೋರಿ ಅನ್ನುವ ಈ ಬ್ಯಾಕ್ಟೀರಿಯಾ ನಮ್ಮಲ್ಲಿ ಬಹಳ ಜನರ ಹೊಟ್ಟೆಯಲ್ಲಿ ಇದೆ. ಎಲ್ಲರಿಗೂ ತೊಂದರೆ ಕೊಡುವುದಿಲ್ಲ. ಕೊಟ್ಟವರಿಗೆ ಸುಮಾರು ಎರಡು ವಾರದ ಮಾತ್ರೆಗಳ ಕೋರ್ಸ್ ಇದೆ. ಮೇಲುಹೊಟ್ಟೆ ನೋವು ಪದೇ ಪದೇ ಬರುತ್ತಿದ್ದರೆ, ಇನ್ನೊಂದು ತರಕಾರಿ ಬಿಡುವ ಬದಲು ಈ ಬ್ಯಾಕ್ಟೀರಿಯಾದ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳುವುದು ಲೇಸು.

ಫ್ರಿಜ್ ಮೇಲಿನ ಡಬ್ಬಿ

ಯಾವ ನೆಂಟರ ಮನೆಗೆ ಹೋದರೂ ಫ್ರಿಜ್ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ಇರುತ್ತದೆ, ಅದರಲ್ಲಿ ಮಾತ್ರೆಗಳು. ಬಿಪಿ, ಶುಗರ್, ಮಂಡಿ ನೋವು, ಜೊತೆಗೆ ಅಸಿಡಿಟಿಗೆ ಕೊಡುವ "ಖಾಲಿ ಹೊಟ್ಟೆ ಮಾತ್ರೆ". ಮಂಡಿ ನೋವಿನ ಮಾತ್ರೆಗೂ ಖಾಲಿ ಹೊಟ್ಟೆ ಮಾತ್ರೆಗೂ ಇರುವ ನಂಟನ್ನು ಮನೆಯವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆಗಳು ಜಠರದ ಲೋಳೆಯ ಪದರವನ್ನು ತೆಳ್ಳಗೆ ಮಾಡುತ್ತವೆ. ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆ ತಂದು ತಿಂಗಳುಗಟ್ಟಲೆ ನುಂಗಿದರೆ ಹುಣ್ಣೂ ಆಗಬಹುದು, ರಕ್ತಸ್ರಾವವೂ ಆಗಬಹುದು. ಆಗಲೂ ಮನೆಯಲ್ಲಿ ದೂರುವುದು ಹಿಂದಿನ ದಿನದ ಬೋಂಡಾವನ್ನೇ.

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರ್‍ಯಾಬೆಪ್ರಜೋಲ್, ಇವೆಲ್ಲ ಆಸಿಡ್ ತಯಾರಾಗುವುದನ್ನೇ ತಡೆಯುವ ಮಾತ್ರೆಗಳು. ನಿಜಕ್ಕೂ ಒಳ್ಳೆಯ ಮಾತ್ರೆಗಳು. ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ತೆಗೆದುಕೊಂಡರೆ ಸರಿಯಾಗಿ ಕೆಲಸ ಮಾಡುತ್ತವೆ. ಇಡ್ಲಿ ತಿಂದು ಕೈ ತೊಳೆದ ಮೇಲೆ ನುಂಗಿದರೆ ಪೂರ್ತಿ ಪ್ರಯೋಜನ ಸಿಗುವುದಿಲ್ಲ. ಬಹಳ ದಿನ ತೆಗೆದುಕೊಂಡು ದಿಢೀರ್ ಅಂತ ನಿಲ್ಲಿಸಿದರೆ ಕೆಲವು ವಾರ ಆಸಿಡ್ ಮೊದಲಿಗಿಂತ ಜಾಸ್ತಿ ಬರುತ್ತದೆ. "ನೋಡು, ಮಾತ್ರೆ ಇಲ್ದೆ ಆಗೋದೇ ಇಲ್ಲ" ಅಂತ ಜನ ಮತ್ತೆ ಶುರು ಮಾಡುತ್ತಾರೆ. ಹೀಗೆ ಕೆಲವು ವಾರಕ್ಕೆ ಬರೆದುಕೊಟ್ಟ ಮಾತ್ರೆ ಹತ್ತು ವರ್ಷ ಮುಂದುವರಿಯುತ್ತದೆ. ಕೆಲವರಿಗೆ ನಿಜವಾಗಿಯೂ ಅಷ್ಟು ಕಾಲ ಬೇಕಾಗುತ್ತದೆ, ಅದನ್ನು ಡಾಕ್ಟರ್ ಹೇಳಬೇಕು. ಹಳೆಯ ಚೀಟಿ ತೋರಿಸಿ ಸ್ಟ್ರಿಪ್ ತರುವ ಮನೆಗಳಲ್ಲಿ ಅದನ್ನು ಹೇಳುವವರೇ ಇರುವುದಿಲ್ಲ. ನಮ್ಮ ಹಿರಿಯರು ನೆಚ್ಚಿಕೊಂಡಿದ್ದ ರಾನಿಟಿಡಿನ್ ಅನ್ನು 2022ರಲ್ಲಿ ಕೇಂದ್ರದ ಅಗತ್ಯ ಔಷಧಗಳ ಪಟ್ಟಿಯಿಂದ ತೆಗೆದಿದ್ದಾರೆ. ಹಳೆಯ ಚೀಟಿಗಳಲ್ಲಿ ಅದು ಇನ್ನೂ ಇರುತ್ತದೆ. ನೀರಿಗೆ ಹಾಕಿದರೆ ಬುಸ್ ಅನ್ನುವ ಪುಡಿಗಳಲ್ಲಿ ಸೋಡಿಯಂ ಜಾಸ್ತಿ. ಬಿಪಿ, ಕಿಡ್ನಿ, ಹೃದಯದ ತೊಂದರೆ ಇರುವವರು ಅದನ್ನು ದಿನಾ ಕುಡಿಯುವ ಹಾಗಿಲ್ಲ.

"ಗ್ಯಾಸ್ ಇರ್ಬೇಕು"

ಇದೊಂದು ಮಾತಿಗೆ ನನಗೆ ಭಯ ಇದೆ. ನಮ್ಮ ಬೀದಿಯಲ್ಲಿ ಒಬ್ಬರು ಒಂದು ಗೃಹಪ್ರವೇಶದ ಊಟ ಮುಗಿಸಿ ಬಂದು ಜಗಲಿಯ ಮೇಲೆ ಕೂತರು. ಎದೆ ಹಿಡಿದ ಹಾಗಾಗಿದೆ ಅಂದರು. ಹೋಳಿಗೆ ಜಾಸ್ತಿ ಆಯಿತು, ಗ್ಯಾಸ್ ಇರ್ಬೇಕು ಅಂತ ಎಲ್ಲರೂ ಒಂದೊಂದು ಮದ್ದು ಹೇಳಿದರು. ನಿಂಬೆಹಣ್ಣಿನ ಸೋಡಾ ಬಂತು. ಓಮದ ನೀರು ಬಂತು. ಅಂಗಿ ಬೆನ್ನಿಗೆ ಅಂಟುವಷ್ಟು ಬೆವರುತ್ತಿದ್ದರು, ಅದನ್ನು ಸೆಖೆ ಅಂದುಕೊಂಡರು. ಆಮೇಲೆ ಬಂದ ಅವರ ಅಳಿಯ ಬೆವರು ನೋಡಿದವನೇ ಮಾತಾಡದೆ ಆಟೋ ಕರೆದ. ಹಾರ್ಟ್ ಅಟ್ಯಾಕ್ ಆಗಿತ್ತು. ಉಳಿದರು. ಆದರೆ ಜಗಲಿಯಲ್ಲಿ ಕಳೆದ ಹೊತ್ತಿಗೆ ಅವರ ಹೃದಯ ಬೆಲೆ ಕೊಟ್ಟಿತು, ಈಗ ಒಂದು ಮಹಡಿ ಹತ್ತುವುದಕ್ಕೂ ನಿಂತು ನಿಂತು ಹೋಗುತ್ತಾರೆ.

ಎದೆಯಲ್ಲಿ ಒತ್ತಿದ ಹಾಗೆ, ಹಿಂಡಿದ ಹಾಗೆ ಆಗುವುದು, ಬೆವರು, ಉಸಿರು ಕಟ್ಟುವುದು, ನೋವು ಎಡಗೈಗೋ ದವಡೆಗೋ ಬೆನ್ನಿಗೋ ಹರಡುವುದು, ನಡೆದರೆ ಜಾಸ್ತಿಯಾಗುವುದು, ಇವನ್ನು ಮನೆಯಲ್ಲಿ ಕೂತು ತೀರ್ಮಾನ ಮಾಡುವ ಹಾಗಿಲ್ಲ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಇಷ್ಟು ಸ್ಪಷ್ಟವಾಗಿಯೂ ಕಾಣುವುದಿಲ್ಲ. ಬರೀ ಸುಸ್ತು, ಮೇಲುಹೊಟ್ಟೆಯಲ್ಲಿ ಏನೋ ಸಂಕಟ, ಅಷ್ಟೇ ಇರಬಹುದು. 108ಕ್ಕೆ ಫೋನ್ ಮಾಡಿ. ಒಂದು ಇಸಿಜಿ ಮಾಡಿಸಿದರೆ ನಷ್ಟ ಇಲ್ಲ. ಗ್ಯಾಸ್ ಅಂತಲೇ ಗೊತ್ತಾದರೆ ನೆಮ್ಮದಿಯಿಂದ ವಾಪಸ್ ಬರಬಹುದು. ಹಾಗೆಯೇ ನುಂಗುವಾಗ ಊಟ ಸಿಕ್ಕಿಕೊಳ್ಳುವುದು, ಕಾರಣ ಇಲ್ಲದೆ ತೂಕ ಇಳಿಯುವುದು, ರಕ್ತ ವಾಂತಿ, ಡಾಂಬರಿನಂತೆ ಕಪ್ಪು ಮಲ, ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದು ಬದಿಗಿಟ್ಟು ಹೊರಡಬೇಕು.

ಅಂಗಡಿ ಬಾಗಿಲು ಹಾಕುವ ಹೊತ್ತು

ಹೊತ್ತು ಬದಲಿಸುವುದಕ್ಕೇ ಆಗದವರು ಏನು ಮಾಡಬೇಕು? ಚಿಕ್ಕಪ್ಪನಿಗೆ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ. ಬಾಗಿಲು ಹಾಕುವುದೇ ಒಂಬತ್ತೂವರೆಗೆ. ಮನೆಗೆ ಬಂದು, ಕೈಕಾಲು ತೊಳೆದು, ಉಣ್ಣುವ ಹೊತ್ತಿಗೆ ಹತ್ತೂಕಾಲು. ಅವರ ಉರಿ ನೋಡಲಾಗದೆ ಚಿಕ್ಕಮ್ಮ ಊಟವನ್ನೇ ಅಂಗಡಿಗೆ ಕಳಿಸುವುದಕ್ಕೆ ಶುರು ಮಾಡಿದರು. ಏಳು ಗಂಟೆಗೆ ಡಬ್ಬಿ, ಅದರಲ್ಲಿ ಚಪಾತಿ, ಪಲ್ಯ, ಮೊಸರನ್ನ. ಗಲ್ಲಾದ ಹಿಂದೆ ಸ್ಟೂಲ್ ಹಾಕಿಕೊಂಡು ಉಣ್ಣುತ್ತಾರೆ. ಮನೆಗೆ ಬಂದ ಮೇಲೆ ಒಂದು ಲೋಟ ಮಜ್ಜಿಗೆ, ಇಲ್ಲಾ ಅಂದರೆ ಸ್ವಲ್ಪ ಗಂಜಿ. ಮಂಚದ ತಲೆ ಕಡೆಯ ಎರಡು ಕಾಲಿಗೆ ಮರದ ತುಂಡು ಕೊಟ್ಟು ಆರು ಅಂಗುಲ ಎತ್ತರಿಸಿದ್ದಾರೆ. ಎರಡು ಮೂರು ದಿಂಬು ಪೇರಿಸಿದರೆ ಕತ್ತು ಮಾತ್ರ ಮೇಲೆ ಹೋಗಿ ಹೊಟ್ಟೆ ಮಡಚಿಕೊಳ್ಳುತ್ತದೆ, ಅದರಿಂದ ಉಪಯೋಗ ಇಲ್ಲ. ಎಡ ಮಗ್ಗುಲಿಗೆ ಮಲಗುತ್ತಾರೆ. ಹಾಗೆ ಮಲಗಿದಾಗ ಜಠರದ ಆಸಿಡ್ ಅನ್ನನಾಳದ ಬಾಯಿಗಿಂತ ಕೆಳಗೇ ಉಳಿಯುತ್ತದೆ.

ಡಬ್ಬಿ ಬರುವುದಕ್ಕೆ ಶುರುವಾದ ಮೇಲೆ ಚಿಕ್ಕಪ್ಪನಿಗೆ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಅಂಗಡಿಯಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಒಂಬತ್ತೂವರೆಗೆ ಬಾಗಿಲು ಹಾಕಿಸಿ, ಸಿಟಿ ಬಸ್ ಹಿಡಿದು ಮನೆಗೆ ಹೋಗಿ, ಅಲ್ಲಿ ಅಡುಗೆ ಮಾಡಿ ಉಣ್ಣುವಾಗ ಹನ್ನೊಂದು. ಅವರ ಬ್ಯಾಗಿನಲ್ಲೂ ಅದೇ ಅಸಿಡಿಟಿ ಮಾತ್ರೆಯ ಸ್ಟ್ರಿಪ್. ಈಗ ಏಳರಿಂದ ಎಂಟರ ಒಳಗೆ ಇಬ್ಬರಿಬ್ಬರಾಗಿ ಹೋಗಿ ಉಂಡು ಬರಲು ಬಿಡುವು ಕೊಟ್ಟಿದ್ದಾರೆ. ಮಧ್ಯಾಹ್ನದ ಡಬ್ಬಿಯ ಜೊತೆ ಇನ್ನೊಂದು ಡಬ್ಬಿ ತರುತ್ತಾರೆ, ಚಿಕ್ಕಮ್ಮ ಅದಕ್ಕೆ ಬಿಸಿ ಸಾರು ಸೇರಿಸಿ ಕಳಿಸುತ್ತಾರೆ. ಮದುವೆ ಸೀಸನ್‌ನಲ್ಲಿ ಮಾತ್ರ ಇದು ಇನ್ನೂ ತಪ್ಪುತ್ತದೆ. ಸೀರೆ ಹರವಿಕೊಂಡು ಕೂತ ಗಿರಾಕಿಯನ್ನು ಬಿಟ್ಟು ಏಳುವುದು ಹೇಗೆ? ಈ ಸಲ ಆ ಎರಡು ತಿಂಗಳಿಗೆ ಇನ್ನೊಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳಲಾ ಅಂತ ಚಿಕ್ಕಪ್ಪ ಲೆಕ್ಕ ಹಾಕುತ್ತಿದ್ದಾರೆ.